ಅಪ್ಪನ ‘ರೇಡಿಯಂ ವಾಚಿ’ಗೆ ಮತ್ತೆ ಬೆಳಕು

ಅಪ್ಪನ ಎಚ್‌ಎಂಟಿ ಪೈಲಟ್ ವಾಚು ಮಾರ್ಚ್ ತಿಂಗಳಲ್ಲಿ ಎರಡು ಸಲ ನಿಂತಿತು. ಕೀ ಕೊಟ್ಟರೆ ಸ್ವಲ್ಪ ಹೊತ್ತು ಓಡುತ್ತದೆ, ಮತ್ತೆ ನಿಲ್ಲುತ್ತದೆ. ಎಣ್ಣೆ ಒಣಗಿರಬೇಕು ಎಂದುಕೊಂಡು ಹಿಂಬದಿಯ ಮುಚ್ಚಳ ತೆಗೆದು ನೋಡಿದೆ. ಯಂತ್ರ ಚೊಕ್ಕಟವಾಗಿತ್ತು. ವಾಚನ್ನು ಮಗುಚಿ, ಐ ಗ್ಲಾಸ್ ಕಣ್ಣಿಗೆ ಸಿಕ್ಕಿಸಿಕೊಂಡು ಗಾಜಿನ ಕಡೆಯಿಂದ ನೋಡಿದಾಗ ಕಾರಣ ಕಂಡಿತು. ಗಂಟೆ ಮುಳ್ಳಿಗೂ ನಿಮಿಷದ ಮುಳ್ಳಿಗೂ ನಡುವೆ ಸಾಸಿವೆಯ ಕಾಲು ಭಾಗವೂ ಇಲ್ಲದ, ಹಸಿರು ಬೆರೆತ ಬೂದು ಬಣ್ಣದ ಚೂರೊಂದು ಸಿಕ್ಕಿಕೊಂಡಿತ್ತು. ನಿಮಿಷದ ಮುಳ್ಳಿನ ನಡುಭಾಗ ಬೋಳಾಗಿತ್ತು. ಕತ್ತಲಲ್ಲಿ ಹೊಳೆಯಲೆಂದು ಅಲ್ಲಿ ತುಂಬಿದ್ದ ಬಣ್ಣ ಉದುರಿ, ಕೊನೆಗೆ ವಾಚನ್ನೇ ನಿಲ್ಲಿಸಿತ್ತು.

ಈ ವಾಚನ್ನು ಅಪ್ಪ ಕೊಂಡದ್ದು 1986ರಲ್ಲಿ, ತಿಪಟೂರಿನಲ್ಲಿ, ಕೊಬ್ಬರಿ ಮಾರಿದ ದುಡ್ಡಿನಿಂದ. ಕಪ್ಪು ಡಯಲ್, ಅಂಚಿನಲ್ಲಿ ಬಿಳಿಯ ನಿಮಿಷದ ಗೆರೆಗಳು, ಒಂದರಿಂದ ಹನ್ನೆರಡರವರೆಗೆ ಹೊಳೆಯುವ ಅಂಕಿಗಳು, ಯಂತ್ರದೊಳಗೆ ಸವೆತ ತಡೆಯುವ ಹದಿನೇಳು ಹರಳು, ಅಂದರೆ ಜ್ಯುವೆಲ್. ತೋಟದ ಮೋಟರಿಗೆ ತ್ರೀ ಫೇಸ್ ಕರೆಂಟು ಬರುತ್ತಿದ್ದುದು ಹೆಚ್ಚಾಗಿ ನಡುರಾತ್ರಿಯ ಮೇಲೆ. ಅಪ್ಪ ಹೊರಡುವ ಮೊದಲು ಬ್ಯಾಟರಿ ಹಾಕಿ ಅದರ ಬೆಳಕನ್ನು ಒಂದು ಕ್ಷಣ ವಾಚಿನ ಮೇಲೆ ಬಿಡುತ್ತಿದ್ದರು. ಆಮೇಲೆ ಬದುವಿನ ಮೇಲೆ ನಡೆಯುವಾಗ ಬ್ಯಾಟರಿ ಆರಿಸಿದರೂ ಅಂಕಿಗಳು ಕಾಣುತ್ತಿದ್ದವು. ನಮ್ಮ ಊರಿನಲ್ಲಿ ಅದಕ್ಕೆ ‘ರೇಡಿಯಂ ವಾಚು’ ಎಂದೇ ಹೆಸರು. ಲಾರಿಯ ಹಿಂದೆ ಅಂಟಿಸುವ ಸ್ಟಿಕ್ಕರಿಗೂ ರೇಡಿಯಂ, ಸೈಕಲ್ಲಿನ ಮಡ್‌ಗಾರ್ಡಿನ ಕೆಂಪು ತುಂಡಿಗೂ ರೇಡಿಯಂ, ಕತ್ತಲಲ್ಲಿ ಮಿನುಗಿದ್ದೆಲ್ಲವೂ ನಮಗೆ ರೇಡಿಯಮ್ಮೇ. ಈ ಕೆಲಸಕ್ಕೆ ಕೈ ಹಾಕುವ ಮೊದಲು ನಾನು ತೀರ್ಮಾನಿಸಬೇಕಾಗಿದ್ದ ಮೊದಲ ಪ್ರಶ್ನೆಯೂ ಅದೇ ಹೆಸರಿನಲ್ಲಿತ್ತು: ಈ ಡಯಲಿನ ಮೇಲೆ ಇರುವುದು ನಿಜವಾಗಿ ರೇಡಿಯಮ್ಮೇ?

ಹಳೆಯ ವಾಚಿನ ಅಂಕಿಗಳನ್ನು ಕೆರೆಯಲು ಹೊರಟವರು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ವಾಚಿನ ಡಯಲ್‌ಗಳಿಗೆ ಹಚ್ಚುತ್ತಿದ್ದುದು ಸತುವಿನ ಸಲ್ಫೈಡ್ ಪುಡಿಗೆ ರೇಡಿಯಂ ಬೆರೆಸಿದ ಬಣ್ಣ. ರೇಡಿಯಂ ಹೊರಸೂಸುವ ಕಣಗಳು ತಾಗಿದಾಗ ಸತುವಿನ ಸಲ್ಫೈಡ್ ಬೆಳಗುತ್ತದೆ. ಸೂರ್ಯನೂ ಬೇಡ, ದೀಪವೂ ಬೇಡ, ಇಡೀ ರಾತ್ರಿ ಹೊಳೆಯುತ್ತದೆ. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನ ಕಾರ್ಖಾನೆಯಲ್ಲಿ ಈ ಬಣ್ಣ ಹಚ್ಚುತ್ತಿದ್ದವರು ಹದಿಹರೆಯದ, ಇಪ್ಪತ್ತರ ಪ್ರಾಯದ ಹೆಣ್ಣುಮಕ್ಕಳು. ಕುಂಚದ ತುದಿ ಚೂಪಾಗಲೆಂದು ಪ್ರತಿ ಅಂಕಿಗೂ ಅದನ್ನು ತುಟಿಗಳ ನಡುವೆ ಎಳೆದುಕೊಳ್ಳುವಂತೆ ಅವರಿಗೆ ಹೇಳಿಕೊಡಲಾಗಿತ್ತು. ದೇಹ ರೇಡಿಯಮ್ಮನ್ನು ಕ್ಯಾಲ್ಸಿಯಂ ಎಂದೇ ಭಾವಿಸಿ ಮೂಳೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಅವರ ಹಲ್ಲು ಉದುರಿದವು, ದವಡೆ ಕೊಳೆಯಿತು. 1927ರಲ್ಲಿ ಗ್ರೇಸ್ ಫ್ರೈಯರ್ ಮತ್ತು ಇನ್ನು ನಾಲ್ವರು ಕಂಪನಿಯ ಮೇಲೆ ದಾವೆ ಹೂಡಿದರು. ಮರುವರ್ಷ ರಾಜಿಯಾಯಿತು, ಆದರೆ ಅವರ ಮೈಯೊಳಗಿನ ರೇಡಿಯಂ ಹೋಗುವಂತಿರಲಿಲ್ಲ. ಅದರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಸುಮಾರು 1600 ವರ್ಷ. ಸತುವಿನ ಸಲ್ಫೈಡ್ ಕೆಲವೇ ದಶಕಗಳಲ್ಲಿ ಜರ್ಜರಿತವಾಗಿ ಹೊಳಪು ಕಳೆದುಕೊಳ್ಳುತ್ತದೆ, ರೇಡಿಯಂ ಮಾತ್ರ ಅಲ್ಲಿಯೇ ಇರುತ್ತದೆ. ಆದ್ದರಿಂದ ‘ಈಗ ಹೊಳೆಯುವುದಿಲ್ಲ, ಹಾಗಾಗಿ ಅಪಾಯವಿಲ್ಲ’ ಎಂಬ ಲೆಕ್ಕ ಪೂರ್ತಿ ತಪ್ಪು. ಅಂತಹ ಡಯಲನ್ನು ಕೆರೆದರೆ ಏಳುವ ಧೂಳು ಉಸಿರಿನ ಜೊತೆ ಒಳಗೆ ಹೋಗುತ್ತದೆ.

ನಮ್ಮ ವಾಚಿನ ವಿಷಯದಲ್ಲಿ ನನಗೆ ಸಿಕ್ಕ ಮೊದಲ ಸಾಕ್ಷಿ ಅಪ್ಪನ ನೆನಪು. ಹೊಸದರಲ್ಲಿಯೂ ಬ್ಯಾಟರಿ ಬೆಳಕು ತೋರಿಸಬೇಕಿತ್ತೇ ಎಂದು ಕೇಳಿದೆ. “ತೋರಿಸದಿದ್ದರೆ ಎಲ್ಲಿ ಕಾಣುತ್ತಿತ್ತಮ್ಮ? ತೋರಿಸಿದ ಮೇಲೆಯೂ ಮೋಟರ್ ಮನೆ ಮುಟ್ಟುವಷ್ಟರಲ್ಲಿ ಮಂಕಾಗಿಬಿಡುತ್ತಿತ್ತು” ಎಂದರು. ಬೆಳಕು ಕುಡಿದು, ಸ್ವಲ್ಪ ಹೊತ್ತು ಮಿನುಗಿ ಆರುವುದು ಬರೀ ಸತುವಿನ ಸಲ್ಫೈಡಿನ ಲಕ್ಷಣ. ರೇಡಿಯಂ ಇದ್ದಿದ್ದರೆ ಹೊಸ ವಾಚು ಯಾರ ಹಂಗೂ ಇಲ್ಲದೆ ಬೆಳಗಾಗುವವರೆಗೆ ಹೊಳೆಯಬೇಕಿತ್ತು.

ಆದರೂ ನೆನಪನ್ನು ನಂಬಿ ಚಿಮುಟ ಹಿಡಿಯುವ ಧೈರ್ಯ ಬರಲಿಲ್ಲ. ಪರಿಚಯದ ಭೌತವಿಜ್ಞಾನ ಉಪನ್ಯಾಸಕರೊಬ್ಬರಿಂದ ವಿಕಿರಣ ಅಳೆಯುವ ಗೈಗರ್ ಕೌಂಟರ್ ಕೇಳಿ ತಂದೆ. ಖಾಲಿ ಮೇಜಿನ ಮೇಲೆ ಅದು ನಿಮಿಷಕ್ಕೆ ಇಪ್ಪತ್ತರ ಆಸುಪಾಸು ಟಿಕ್ ಟಿಕ್ ಎಂದಿತು. ಅದು ಎಲ್ಲ ಕಡೆಯೂ ಇರುವ ಸಹಜ ವಿಕಿರಣ. ವಾಚಿನ ಗಾಜಿಗೆ ತಾಗಿಸಿ ಐದು ನಿಮಿಷ ಹಿಡಿದೆ, ಲೆಕ್ಕ ಬದಲಾಗಲಿಲ್ಲ. ರೇಡಿಯಂ ಇದ್ದರೆ ಕೌಂಟರ್ ಹೀಗೆ ಸುಮ್ಮನಿರುವುದಿಲ್ಲ, ಅದರ ಗಾಮಾ ಕಿರಣ ಗಾಜನ್ನು ದಾಟಿಯೇ ಬರುತ್ತದೆ. ವಾಚಿನ ಬಣ್ಣಕ್ಕೆ ಬೆರೆಸುತ್ತಿದ್ದ ಇನ್ನೊಂದು ವಿಕಿರಣ ವಸ್ತು ಟ್ರಿಟಿಯಂ. ಅದಾದರೆ ಕೌಂಟರಿಗೆ ಕೇಳಿಸುವುದಿಲ್ಲ, ಅದರ ಕಣಗಳಿಗೆ ಗಾಜು ದಾಟುವ ಶಕ್ತಿಯಿಲ್ಲ. ಆದರೆ ಟ್ರಿಟಿಯಂ ಹಚ್ಚಿದ ವಾಚೂ ತಾನಾಗಿಯೇ ಹೊಳೆಯಬೇಕು, ಅಪ್ಪನ ಬ್ಯಾಟರಿಗೆ ಕಾಯುವಂತಿಲ್ಲ. ಎರಡೂ ಸಾಕ್ಷಿಗಳು ಒಂದನ್ನೇ ಹೇಳಿದ ಮೇಲೆ ಮುಂದುವರಿದೆ. ಕೌಂಟರ್ ಜೋರಾಗಿ ಸದ್ದು ಮಾಡಿದ್ದರೆ ಮುಚ್ಚಳ ಹಾಕಿ, ವಾಚನ್ನು ಹಾಗೆಯೇ ಎತ್ತಿಡುತ್ತಿದ್ದೆ. ಮನೆಯಲ್ಲಿ ರೇಡಿಯಂ ಕೆರೆಯುವುದಕ್ಕೆ ಸುರಕ್ಷಿತ ವಿಧಾನ ಎಂಬುದಿಲ್ಲ.

ಇನ್ನೊಂದು ತೀರ್ಮಾನವೂ ಆಗಬೇಕಿತ್ತು. ರಿಪೇರಿಯವರೊಬ್ಬರು ಡಯಲನ್ನು ಪೂರ್ತಿ ಒರೆಸಿ ಹೊಸದಾಗಿ ಅಚ್ಚು ಹಾಕಿಸಿಕೊಡುತ್ತೇನೆ ಎಂದಿದ್ದರು. ಎಚ್‌ಎಂಟಿ ವಾಚಿನ ಕಥೆ ಗೊತ್ತಿದ್ದವರಿಗೆ ಈ ಮಾತು ನೋವು ಕೊಡುತ್ತದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ, ಆಮೇಲೆ ನಮ್ಮದೇ ಜಿಲ್ಲೆಯ ತುಮಕೂರಿನಲ್ಲಿ ಇನ್ನೊಂದು. 2016ರಲ್ಲಿ ಕೇಂದ್ರ ಸಂಪುಟ ವಾಚಿನ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಇನ್ನು ಹೊಸ ಪೈಲಟ್ ಡಯಲ್ ಅಲ್ಲಿಂದ ಬರುವುದಿಲ್ಲ. ಮಾರುಕಟ್ಟೆಯಲ್ಲಿ ಪೈಲಟ್ ಹೆಸರಿನಲ್ಲಿ ಸಿಗುವ ಎಷ್ಟೋ ವಾಚುಗಳ ಮುಖ ಯಾರೋ ಹೊಸದಾಗಿ ಬರೆದದ್ದು. ಅಕ್ಷರ ದಪ್ಪ, ನಿಮಿಷದ ಗೆರೆ ವಕ್ರ, ಕೆಲವೊಮ್ಮೆ ಎಂದೂ ಇಲ್ಲದ ಕೆಂಪು, ನೀಲಿ ಬಣ್ಣ. ಮೂಲದ ಒಂದೊಂದು ಡಯಲ್ ಒರೆಸಿಹೋದಾಗಲೂ ನಮ್ಮವರು ಮಾಡಿದ ಕೆಲಸದ ಒಂದು ಗುರುತು ಅಳಿಯುತ್ತದೆ. ಅಪ್ಪನೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿದರು: “ಅದರ ಮುಖ ಬದಲಾಯಿಸಬೇಡಮ್ಮ, ಬೆಳಕು ಮಾತ್ರ ಬರಲಿ.” ಇಡೀ ಕೆಲಸಕ್ಕೆ ನನಗಿದ್ದ ಅಳತೆಗೋಲು ಆ ಒಂದು ಮಾತು.

ಏಪ್ರಿಲ್ ಮೊದಲ ವಾರ ಬಿಚ್ಚಿದೆ. ಸೆಖೆಯಿದ್ದರೂ ಫ್ಯಾನ್ ಹಾಕುವಂತಿಲ್ಲ. ಮೇಜಿನ ಮೇಲೆ ಅಪ್ಪನ ಹಳೆಯ ಬಿಳಿ ಪಂಚೆ ಹಾಸಿದೆ, ತಿರುಪು ಬಿದ್ದರೆ ಪುಟಿದು ಹೋಗುವುದಿಲ್ಲ, ಬಿದ್ದದ್ದು ಕಣ್ಣಿಗೂ ಕಾಣುತ್ತದೆ. ಮೂರು ಮುಳ್ಳುಗಳನ್ನೂ ಹನ್ನೆರಡರ ಹತ್ತಿರ ಒಂದರ ಮೇಲೊಂದು ತಂದು, ಡಯಲಿನ ಮೇಲೆ ಸೀಳು ಮಾಡಿದ ಹಾಲಿನ ಪೊಟ್ಟಣದ ತುಂಡನ್ನು ಹಾಸಿ, ಎರಡು ಸಣ್ಣ ಮೀಟುಗೋಲುಗಳಿಂದ ಎರಡೂ ಬದಿಯಲ್ಲಿ ಒಟ್ಟಿಗೆ ಎತ್ತಿದೆ. ಪ್ಲಾಸ್ಟಿಕ್ ಇಲ್ಲದಿದ್ದರೆ ಮೀಟುಗೋಲು ಡಯಲಿನ ಕಪ್ಪು ಬಣ್ಣವನ್ನು ಗೀರುತ್ತದೆ, ಆ ಗೀರಿಗೆ ಮದ್ದಿಲ್ಲ. ಡಯಲಿನ ಹಿಂದೆ ಎರಡು ಕಾಲುಗಳಿರುತ್ತವೆ. ಅವನ್ನು ಹಿಡಿದಿರುವ ತಿರುಪುಗಳನ್ನು ಸಡಿಲಿಸಿದಾಗ ಡಯಲ್ ಸಲೀಸಾಗಿ ಬಂದಿತು. ಯಂತ್ರದ ಮೇಲೆ ಸ್ಟೀಲ್ ಲೋಟ ಬೋರಲು ಹಾಕಿ ಪಕ್ಕಕ್ಕಿಟ್ಟೆ.

ಹಗಲು ಬೆಳಕಿನಲ್ಲಿ ಡಯಲನ್ನು ಹತ್ತಿರದಿಂದ ನೋಡುತ್ತ ಕುಳಿತೆ. ಏಳು ಅಂಕಿಗಳ ಮೇಲೆ ಹಳೆಯ ಬಣ್ಣ ಭದ್ರವಾಗಿತ್ತು, ಆದರೆ ಕೆನೆ ಕಟ್ಟಿದ ಹಾಲು ಒಣಗಿದ ಹಾಗೆ ಹಳದಿಯಾಗಿತ್ತು. ಐದು ಅಂಕಿಗಳಲ್ಲಿ ಅಲ್ಲಲ್ಲಿ ಎದ್ದು ಹೋಗಿ ಕೆಳಗಿನ ತೆಳುವಾದ ಅಚ್ಚು ಮಾತ್ರ ಉಳಿದಿತ್ತು. ನಾಲ್ಕರ ಅಡ್ಡಗೆರೆ ಬಿರುಕು ಬಿಟ್ಟು, ಬಿಸಿಲಿಗೆ ಸೀಳಿದ ಕೆರೆಯ ತಳದಂತೆ ಕಾಣುತ್ತಿತ್ತು. ನೇರಳಾತೀತ ಟಾರ್ಚ್ ಹಿಡಿದಾಗ ಹಳೆಯ ಬಣ್ಣ ಚಕ್ಕನೆ ಹಸಿರಾಗಿ, ಟಾರ್ಚ್ ಆರಿಸಿದ ಕೆಲವೇ ಸೆಕೆಂಡಿನಲ್ಲಿ ಕಣ್ಣುಮುಚ್ಚಿತು. ಹಳೆಯ ವಾಚು ಕೊಳ್ಳುವವರಿಗೆ ಇದು ಒಳ್ಳೆಯ ಪರೀಕ್ಷೆ. ‘ಮೂಲ ಡಯಲ್’ ಎಂದು ಮಾರುವ ನಲವತ್ತು ವರ್ಷದ ವಾಚು ಟಾರ್ಚ್ ಆರಿಸಿದ ಮೇಲೂ ಹತ್ತು ನಿಮಿಷ ಪ್ರಖರವಾಗಿ ಬೆಳಗಿದರೆ, ಅದರ ಮೇಲಿನ ಬಣ್ಣವಾದರೂ ಹೊಸದು.

ಭದ್ರವಾಗಿದ್ದ ಏಳು ಅಂಕಿಗಳನ್ನು ಕೆರೆಯಲಿಲ್ಲ. ಕಾರ್ಖಾನೆಯವರು ಕೊಟ್ಟ ಆಕಾರ ಅದು. ಅದರ ಮೇಲೆಯೇ ಹೊಸದನ್ನು ತೆಳುವಾಗಿ ಕೂರಿಸಿದರೆ ಆಕಾರ ಉಳಿಯುತ್ತದೆ, ಬಿಳಿಚಿದ ಹಳೆಯ ಪದರ ಹೊಸದಕ್ಕೆ ಹಾಸುಗೆಯೂ ಆಗುತ್ತದೆ. ಕಪ್ಪು ಡಯಲಿನ ಮೇಲೆ ನೇರವಾಗಿ ಹಚ್ಚಿದರೆ ಅರ್ಧ ಬೆಳಕನ್ನು ಕಪ್ಪೇ ನುಂಗುತ್ತದೆ. ಎದ್ದಿದ್ದ ಚೂರುಗಳನ್ನು ಮಾತ್ರ ಚೂಪು ಮಾಡಿದ ಟೂತ್‌ಪಿಕ್ ತುದಿಯಿಂದ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಒದ್ದೆ ಕಾಗದದ ಮೇಲೆ ಬೀಳಿಸಿದೆ. ಥಿನ್ನರ್ ತಾಗಿಸಲೇ ಇಲ್ಲ, ತಾಗಿಸಿದ್ದರೆ ಎಚ್‌ಎಂಟಿ ಅಕ್ಷರಗಳೂ ಪೈಲಟ್ ಎಂಬ ಹೆಸರೂ ಬಣ್ಣದ ಜೊತೆಗೇ ಹೊರಟುಹೋಗುತ್ತಿದ್ದವು. ನಾಲ್ಕರ ಅಂಕಿಯೊಂದಕ್ಕೇ ಈ ಕೆಲಸ ಒಂದೂವರೆ ಗಂಟೆ ಹಿಡಿಯಿತು.

ಇನ್ನು ಹಚ್ಚಬೇಕಾದ, ಕತ್ತಲಲ್ಲಿ ಹೊಳೆಯುವ ಹೊಸ ಪುಡಿಯ ಬಗ್ಗೆ. ಈಗ ಸಿಗುವುದು ಸ್ಟ್ರಾಂಷಿಯಂ ಅಲ್ಯುಮಿನೇಟ್. ಜಪಾನಿನ ನೆಮೊಟೊ ಕಂಪನಿ 1993ರಲ್ಲಿ ಇದನ್ನು ಲುಮಿನೋವಾ ಎಂಬ ಹೆಸರಿನಲ್ಲಿ ತಂದಿತು, ಇದರಲ್ಲಿ ವಿಕಿರಣವಿಲ್ಲ. ಇದಕ್ಕೆ ಸೇರಿಸಿರುವ ಯುರೋಪಿಯಂ ಎಂಬ ಲೋಹ ಬೆಳಕು ಕೊಡುತ್ತದೆ. ಡಿಸ್ಪ್ರೋಸಿಯಂ ಎಂಬ ಇನ್ನೊಂದು ಲೋಹ ಆ ಶಕ್ತಿ ಒಮ್ಮೆಗೇ ಖರ್ಚಾಗದಂತೆ ಹಿಡಿದಿಟ್ಟು, ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಇದಕ್ಕಿರುವ ಒಂದೇ ವೈರಿ ನೀರು. ಮೊದಲ ಸಲ ಮನೆಯಲ್ಲಿದ್ದ ನೀರು ಬೆರೆಸುವ ಜಾತಿಯ ವಾರ್ನಿಷ್‌ನಲ್ಲಿ ಕಲಸಿದ್ದೆ. ಎರಡು ದಿನಕ್ಕೆ ಡಬ್ಬಿಯಲ್ಲಿದ್ದದ್ದು ಗಂಟುಗಂಟಾಯಿತು, ಹೊಳಪು ಇಳಿಯಿತು. ತೇವ ತಾಗಿದರೆ ಈ ಪುಡಿ ರಾಸಾಯನಿಕವಾಗಿಯೇ ಒಡೆಯುತ್ತದೆ, ಮತ್ತೆ ಒಣಗಿಸಿದರೆ ಸರಿಯಾಗುವುದಿಲ್ಲ. ಅದೃಷ್ಟಕ್ಕೆ ಅದನ್ನು ಹಚ್ಚಿದ್ದು ಅಭ್ಯಾಸಕ್ಕೆಂದು ಕಪ್ಪು ಬಣ್ಣ ಬಳಿದ ಕಾಫಿ ಡಬ್ಬಿಯ ಮುಚ್ಚಳದ ಮೇಲೆ. ಆಮೇಲೆ ವಾಚಿನ ಕೆಲಸಕ್ಕೆಂದೇ ಮಾರುವ, ಥಿನ್ನರ್ ಜಾತಿಯ ಮೆರುಗೆಣ್ಣೆ ತರಿಸಿದೆ.

ಹದ ತಿಳಿಯಲು ಮೂರು ಸಂಜೆ ಹೋದವು. ಅಂಕಿಗಳಿಗೆ ಜೋನಿಬೆಲ್ಲದ ಹದ ಬೇಕು. ನೀರಾದರೆ ಗೆರೆಯ ಆಚೆ ಹರಿಯುತ್ತದೆ, ಗಟ್ಟಿಯಾದರೆ ತುದಿಯಲ್ಲಿ ಮೊನೆ ಏಳುತ್ತದೆ. ಮುಳ್ಳುಗಳಿಗೆ ಇನ್ನೂ ಬಿಗಿ, ಅಮ್ಮ ಮೈಸೂರು ಪಾಕಿಗೆ ಪಾಕ ನೋಡುವಾಗ ಎರಡು ಬೆರಳ ನಡುವೆ ಎಳೆದು ನೋಡುವ ಒಂದೆಳೆಯ ಹದ. ಪುಡಿ ಮತ್ತು ಮೆರುಗೆಣ್ಣೆ ಸರಿಸಮ ಅಳತೆಯಿಂದ ಆರಂಭಿಸಿದೆ. ಪುಡಿ ಸ್ವಲ್ಪ ಹೆಚ್ಚಾದಷ್ಟೂ ಹೊಳಪು ಹೆಚ್ಚು, ಮೇಲ್ಮೈ ಹಳೆಯ ಬಣ್ಣದಂತೆ ಮಂದವಾಗಿ ಕಾಣುತ್ತದೆ. ದಪ್ಪ ಕಾಳಿನ ಪುಡಿ ಚೆನ್ನಾಗಿ ಬೆಳಗುತ್ತದೆ ನಿಜ, ಆದರೆ ಅರ್ಧ ಮಿಲಿಮೀಟರ್ ಅಗಲದ ಗೆರೆಯಲ್ಲಿ ಅದು ರವೆಯಂತೆ ಎದ್ದು ತೋರುತ್ತದೆ. ನಯವಾದ ಪುಡಿಯನ್ನೇ ಆರಿಸಿದೆ.

ಬಣ್ಣದ ವಿಷಯದಲ್ಲಿ ನಾನು ಹಟ ಹಿಡಿದೆ. ಹೊಸ ಪುಡಿ ಹಾಗೆಯೇ ಹಚ್ಚಿದರೆ ಹಗಲಿನಲ್ಲಿ ಬಿಳಿ ಹಸಿರಾಗಿ, ಹಳೆಯ ಡಯಲಿನ ಮೇಲೆ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಮಣ್ಣಿನ ಹಳದಿ ಬಣ್ಣದ ಒಣಪುಡಿಯನ್ನು ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ಸೇರಿಸಿದೆ, ಕಂದು ಬಣ್ಣವನ್ನು ಅದರ ಅರ್ಧ. ಬಣ್ಣ ಬೆರೆಸಿದಷ್ಟೂ ಬೆಳಕು ಕಡಿಮೆಯಾಗುತ್ತದೆ. ಆದ್ದರಿಂದ ಹಳೆಯ ಛಾಯೆಗೆ ಪೂರ್ತಿ ಮುಟ್ಟುವ ಮೊದಲೇ ನಿಲ್ಲಿಸಿದೆ. ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ, ಕೈಯಳತೆಯ ದೂರದಿಂದ ತಿಳಿಯುವುದಿಲ್ಲ.

ಹನ್ನೆರಡು ಅಂಕಿ ಎಂದರೆ ಬಿಡಿಬಿಡಿಯಾಗಿ ಎಣಿಸಿದಾಗ ಹದಿನೈದು. ನಾಲ್ಕು, ಆರು, ಎಂಟು, ಒಂಬತ್ತು, ಹತ್ತರ ಸೊನ್ನೆ, ಇವುಗಳೊಳಗೆ ಒಟ್ಟು ಆರು ಕಣ್ಣುಗಳು. ಆ ಕಣ್ಣುಗಳು ಕಪ್ಪಾಗಿಯೇ ಉಳಿಯಬೇಕು. ಕುಂಚವಲ್ಲ, ವಾಚಿಗೆ ಎಣ್ಣೆ ಬಿಡುವ ಕಡ್ಡಿಯನ್ನು ಬಳಸಿದೆ. ಅದರ ಚಪ್ಪಟೆ ತುದಿಯಲ್ಲಿ ಹನಿ ಎತ್ತಿ, ಗೆರೆಯ ನಡುವಿಗೆ ತಾಗಿಸಿ, ಕಡ್ಡಿ ಡಯಲಿಗೆ ಮುಟ್ಟದಂತೆ ಹನಿಯನ್ನಷ್ಟೇ ಎಳೆಯುತ್ತ ಹೋಗಬೇಕು. ಬಳಿಯುವುದಲ್ಲ, ರಂಗೋಲಿಯ ಎಳೆ ಬಿಡುವ ಹಾಗೆ ಬಿಡುವುದು. ಅರ್ಧ ನಿಮಿಷದೊಳಗೆ ಹನಿಯ ಮೇಲೆ ಪೊರೆ ಕಟ್ಟುತ್ತದೆ, ಆಮೇಲೆ ತಿದ್ದಲು ಹೋದರೆ ಸುಕ್ಕು ಬೀಳುತ್ತದೆ. ಮೊದಲು ಒಂದು, ಹನ್ನೊಂದು, ಏಳು. ಕೈ ಪಳಗಿದ ಮೇಲೆ ಎರಡು, ಮೂರು, ಐದು. ಎಂಟನ್ನು ಕೊನೆಗಿಟ್ಟೆ.

ಆರರ ಬಾಲ ತಿರುವುವಾಗ ಕಡ್ಡಿಯ ತುದಿಯಲ್ಲಿ ಬಣ್ಣ ಒಣಗಿ ಗಂಟಾಯಿತು. ಸೂಜಿಗೆ ದಾರ ಪೋಣಿಸುವಾಗ ತುದಿಯನ್ನು ತುಟಿಗಿಟ್ಟು ತೇವ ಮಾಡಿಕೊಳ್ಳುತ್ತೇವಲ್ಲ, ಅದೇ ಅಭ್ಯಾಸದಲ್ಲಿ ನನ್ನ ಕೈ ಅರ್ಧ ದಾರಿ ಮೇಲಕ್ಕೆ ಬಂದಿತ್ತು. ನಿಲ್ಲಿಸಿದೆ. ನನ್ನ ಕಡ್ಡಿಯಲ್ಲಿ ಇದ್ದದ್ದು ವಿಷವಲ್ಲ. ಆದರೂ ಆರೆಂಜಿನ ಆ ಹುಡುಗಿಯರ ಕೈ ದಿನಕ್ಕೆ ಎಷ್ಟು ಸಲ ಆ ದಾರಿ ಸವೆಸಿತ್ತು ಎಂಬುದು ಆ ಕ್ಷಣದಲ್ಲಿ ಮೈಗೆ ತಿಳಿಯಿತು. ಕಡ್ಡಿಯನ್ನು ಥಿನ್ನರಿನಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಹೊತ್ತು ಎದ್ದು ಓಡಾಡಿ ಬಂದು ಮತ್ತೆ ಕುಳಿತೆ.

ಒಂದು ದಿನ ಬಿಟ್ಟು ಎರಡನೆಯ ಪದರ ಕೊಟ್ಟೆ. ಮೂರನೆಯದಕ್ಕೆ ಮನಸ್ಸು ಮಾಡಲಿಲ್ಲ, ಅಂಕಿಗಳು ಉಬ್ಬಿ ಬೇರೆಯದೇ ವಾಚಿನ ಅಂಕಿಗಳಾಗಿಬಿಡುತ್ತವೆ.

ಮುಳ್ಳುಗಳ ಕೆಲಸ ಅಂಕಿಗಳಿಗಿಂತ ಬೇಗ ಆಗುತ್ತದೆ, ಎಡವುವುದೂ ಅಲ್ಲಿಯೇ. ಮುಳ್ಳಿನ ನಡುವೆ ಉದ್ದನೆಯ ಸೀಳಿರುತ್ತದೆ, ಬಣ್ಣ ನಿಲ್ಲುವುದು ಆ ಸೀಳಿನಲ್ಲಿ. ಮುಳ್ಳನ್ನು ಬೋರಲು ಮಲಗಿಸಿ, ಹಿಂಬದಿಯಿಂದ, ಹನಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಎಳೆತದಲ್ಲಿ ತರಬೇಕು. ಸಾಬೂನಿನ ಗುಳ್ಳೆಯ ಪೊರೆಯ ಹಾಗೆ ಬಣ್ಣ ಸೀಳಿಗೆ ಅಡ್ಡಲಾಗಿ ತಾನೇ ನಿಲ್ಲುತ್ತದೆ. ಗಂಟೆ ಮುಳ್ಳು ಮೊದಲ ಎಳೆತಕ್ಕೆ ತುಂಬಿತು. ನಿಮಿಷದ ಮುಳ್ಳಿನಲ್ಲಿ ನಡುವೆ ಸಣ್ಣ ರಂಧ್ರ ಉಳಿಯಿತೆಂದು ಇನ್ನೊಂದು ಹನಿ ಸೇರಿಸಿದೆ. ಒಣಗಿದ ಮೇಲೆ ಎಲ್ಲವನ್ನೂ ಜೋಡಿಸಿ, ಕೀ ಕೊಟ್ಟು, ಖುಷಿಯಿಂದ ಮಲಗಿದೆ. ಬೆಳಿಗ್ಗೆ ನೋಡಿದರೆ ವಾಚು ಒಂದು ಗಂಟೆ ಐದು ನಿಮಿಷಕ್ಕೆ ನಿಂತಿತ್ತು. ಎರಡು ಮುಳ್ಳುಗಳೂ ಒಂದರ ಮೇಲೊಂದು ಬರುವ ಹೊತ್ತು ಅದು. ನಾನು ಸೇರಿಸಿದ್ದ ಆ ಹೆಚ್ಚಿನ ಹನಿ ಕೆಳಗೆ ಉಬ್ಬಿಕೊಂಡು ಗಂಟೆ ಮುಳ್ಳಿಗೆ ಒರಗಿತ್ತು.

ಮತ್ತೆ ಪಂಚೆ, ಮತ್ತೆ ಹಾಲಿನ ಪೊಟ್ಟಣದ ತುಂಡು. ನಿಮಿಷದ ಮುಳ್ಳನ್ನು ಮಾತ್ರ ತೆಗೆದು, ಥಿನ್ನರಿನಲ್ಲಿ ಅದ್ದಿಟ್ಟು ಬಣ್ಣ ಪೂರ್ತಿ ಇಳಿಸಿ, ಹೊಸದಾಗಿ ತುಂಬಿದೆ. ಈ ಸಲ ಸಣ್ಣ ರಂಧ್ರ ಉಳಿದರೂ ಮುಟ್ಟಲಿಲ್ಲ. ಒಣಗುವಾಗ ಅದು ತಾನೇ ಮುಚ್ಚಿಕೊಂಡಿತು. ಜೋಡಿಸಿದ ಮೇಲೆ ಕ್ರೌನ್, ಅಂದರೆ ಕೀ ಕೊಡುವ ತಿರುಗುಗುಂಡಿಯನ್ನು ಎಳೆದು, ಮುಳ್ಳುಗಳನ್ನು ಹನ್ನೆರಡು ಗಂಟೆಗಳ ಪೂರ್ತಿ ಸುತ್ತು ನಿಧಾನವಾಗಿ ತಿರುಗಿಸಿದೆ. ಅವು ಒಂದನ್ನೊಂದು ದಾಟುವ ಪ್ರತಿ ಜಾಗದಲ್ಲಿಯೂ ಪಕ್ಕದಿಂದ ಬಗ್ಗಿ ನೋಡಿ, ನಡುವೆ ಬೆಳಕಿನ ಗೆರೆ ಕಾಣುವುದನ್ನು ಖಚಿತ ಮಾಡಿಕೊಂಡೆ. ಗಾಜಿನ ಒಳಬದಿಯನ್ನು ಒರೆಸಿ ಮುಚ್ಚಿದೆ. ಎರಡು ದಿನ ನನ್ನ ಕೈಯಲ್ಲಿಯೇ ಕಟ್ಟಿಕೊಂಡು ಓಡಾಡಿದೆ, ನಿಲ್ಲಲಿಲ್ಲ.

ಭಾನುವಾರ ಊರಿಗೆ ತೆಗೆದುಕೊಂಡು ಹೋದೆ. ಅಪ್ಪ ಕಿಟಕಿಯ ಹತ್ತಿರ ಹಿಡಿದು, ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. ನಾಲ್ಕರ ಕೆಳಗಿದ್ದ ಹಳೆಯ ಗೀರು ಅಲ್ಲಿಯೇ ಇದೆಯೇ ಎಂದು ಹುಡುಕಿದರು, ಇತ್ತು. ಸಂಜೆ ಅಂಗಳದ ಬಿಸಿಲಿನಲ್ಲಿ ಹತ್ತು ನಿಮಿಷ ಇಟ್ಟು ಕೈಗೆ ಕಟ್ಟಿಕೊಂಡರು. ಒಂಬತ್ತೂವರೆಗೆ ದೀಪ ಆರಿಸಿದಾಗ ಅಂಕಿಗಳು ಮಿಂಚುಹುಳಗಳ ಹಾಗೆ ಹಸಿರಾಗಿದ್ದವು.

ನಡುರಾತ್ರಿಯ ನಂತರ ಯಾವುದೋ ಹೊತ್ತಿನಲ್ಲಿ ಅಪ್ಪ ಎದ್ದ ಸದ್ದಾಯಿತು. ಎಚ್ಚರವಾಗಿಯೇ ಮಲಗಿದ್ದೆ. ಹಳೆಯ ಅಭ್ಯಾಸದಂತೆ ಅವರ ಕೈ ದಿಂಬಿನ ಪಕ್ಕ ಬ್ಯಾಟರಿಗೆ ತಡಕಿತು. ಗುಂಡಿ ಒತ್ತಿದ ಶಬ್ದ ಬರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕತ್ತಲಲ್ಲಿಯೇ ಹೇಳಿದರು: “ಮೂರೂ ಕಾಲು. ಕರೆಂಟಿಗೆ ಇನ್ನೂ ಮುಕ್ಕಾಲು ಗಂಟೆ ಇದೆ.”